ದೊರೆ ಹೋದ ಮೇಲೆ ಹಬ್ಬಿದ ನುಡಿ: ಸ್ಪ್ಯಾನಿಷ್ ಭಾಷೆಯ ವಸಾಹತು ಚರಿತ್ರೆಯನ್ನು ಕುರಿತು

ಭಾಷೆ ಮತ್ತು ಅಧಿಕಾರದ ಸಂಬಂಧವನ್ನು ಕುರಿತ ಚರ್ಚೆಗಳಲ್ಲಿ 1492ನೆಯ ಇಸವಿ ಸಿದ್ಧ ಉದಾಹರಣೆಯಾಗಿ ಬಳಕೆಯಾಗುತ್ತ ಬಂದಿದೆ. ಆ ವರ್ಷದ ಜನವರಿಯಲ್ಲಿ ಗ್ರನಾಡಾದ ಮುಸ್ಲಿಂ ರಾಜ್ಯ ಕ್ಯಾಸ್ಟೀಲ್ ಮತ್ತು ಅರಗಾನಿನ ಅರಸರ ವಶವಾಯಿತು. ಮಾರ್ಚ್ ತಿಂಗಳಲ್ಲಿ ಯಹೂದ್ಯರನ್ನು ನಾಡಿನಿಂದ ಹೊರಹಾಕುವ ಆಜ್ಞೆ ಹೊರಟಿತು. ಆಗಸ್ಟಿನ ಮೊದಲ ವಾರದಲ್ಲಿ ಕೊಲಂಬಸನ ಹಡಗುಗಳು ಪಡುವಣಕ್ಕೆ ಹೊರಟವು. ಅದೇ ತಿಂಗಳ 18ರಂದು ಸಲಮಾಂಕಾದಲ್ಲಿ ಆಂತೋನಿಯೊ ದ ನೆಬ್ರಿಹಾ ಬರೆದ ಕ್ಯಾಸ್ಟೀಲಿಯನ್ ಭಾಷೆಯ ವ್ಯಾಕರಣ ಅಚ್ಚಾಯಿತು. ರಾಣಿ ಇಸಾಬೆಲಳಿಗೆ ಅರ್ಪಿತವಾದ ಆ ಗ್ರಂಥದ ಮುನ್ನುಡಿಯಲ್ಲಿ ನೆಬ್ರಿಹಾ ಭಾಷೆಯ ಏಳುಬೀಳನ್ನು ಸಾಮ್ರಾಜ್ಯದ ಏಳುಬೀಳಿನೊಂದಿಗೆ ಗಂಟುಹಾಕಿದ್ದಾನೆ. ಗೆದ್ದವರ ಕಾನೂನು ಸೋತವರಿಗೆ ತಿಳಿಯಬೇಕಾದರೆ ಅವರು ಗೆದ್ದವರ ಭಾಷೆಯನ್ನು ಕಲಿಯಬೇಕು, ಕಲಿಯಲು ವ್ಯಾಕರಣ ಬೇಕು ಎಂಬುದು ಅವನ ವಾದದ ತಿರುಳು. ಈ ನಾಲ್ಕು ಘಟನೆಗಳನ್ನು ಒಂದೇ ಸಾಲಿನಲ್ಲಿ ಇರಿಸಿದರೆ ಕಥನ ತಾನಾಗಿಯೇ ಸಿದ್ಧವಾಗುತ್ತದೆ: ಸಾಮ್ರಾಜ್ಯ ಖಡ್ಗದೊಂದಿಗೆ ವ್ಯಾಕರಣವನ್ನೂ ಕೊಂಡೊಯ್ದಿತು, ಸೋತವರ ನುಡಿಗಳನ್ನು ಅಳಿಸಿತು, ಇಂದು ಸುಮಾರು 50 ಕೋಟಿ ಜನರ ತಾಯ್ನುಡಿಯಾಗಿರುವ ಸ್ಪ್ಯಾನಿಷ್ ಹೀಗೆ ಬೆಳೆಯಿತು.

ವಸಾಹತುಶಾಹಿಯನ್ನು ಕುರಿತ ಕನ್ನಡದ ಚಿಂತನೆ ಬಹುಮಟ್ಟಿಗೆ ಇಂಗ್ಲಿಶಿನ ಅನುಭವದಿಂದ ರೂಪುಗೊಂಡದ್ದು. ಮೆಕಾಲೆಯ 1835ರ ಟಿಪ್ಪಣಿ ಅದರ ಆರಂಭಬಿಂದು. ಆದ್ದರಿಂದ ಮೇಲಿನ ಕಥನವನ್ನು ಅದು ಪ್ರಶ್ನಿಸದೆ ಒಪ್ಪಿಕೊಳ್ಳುವುದು ಸಹಜ. ಆದರೆ ಸ್ಪೇನ್ ಅಮೆರಿಕವನ್ನು ಆಳಿದ ಮೂರು ಶತಮಾನಗಳ ದಾಖಲೆಗಳು ಈ ಅಚ್ಚಿಗೆ ಒಗ್ಗುವುದಿಲ್ಲ. ಕೊನೆಯ ಕೆಲವು ದಶಕಗಳನ್ನು ಬಿಟ್ಟರೆ ಆ ಸಾಮ್ರಾಜ್ಯ ತನ್ನ ಪ್ರಜೆಗಳ ಮೇಲೆ ತನ್ನ ನುಡಿಯನ್ನು ಹೇರುವ ಪಣತೊಟ್ಟು ನಿಂತಿರಲಿಲ್ಲ. ಸ್ಪ್ಯಾನಿಷ್ ಅಲ್ಲಿನ ಬಹುಜನರ ನುಡಿಯಾದದ್ದು ದೊರೆ ಹೋದ ಮೇಲೆ, ಸ್ವತಂತ್ರ ಗಣರಾಜ್ಯಗಳ ಕೈಯಲ್ಲಿ. ಇದು ಸಾಮ್ರಾಜ್ಯವನ್ನು ದೋಷಮುಕ್ತಗೊಳಿಸುವ ವಾದವಲ್ಲ. ಹೊಣೆಯನ್ನು ಸರಿಯಾದ ಕಾಲದಲ್ಲಿ, ಸರಿಯಾದ ಸಂಸ್ಥೆಗಳಲ್ಲಿ ಗುರುತಿಸುವ ಪ್ರಶ್ನೆ ಇಲ್ಲಿದೆ.

ಮೊದಲು ನೆಬ್ರಿಹಾನ ಗ್ರಂಥದ ಗತಿಯನ್ನೇ ನೋಡಬಹುದು. ಸಾಮ್ರಾಜ್ಯದ ಕೈಪಿಡಿ ಎಂದು ಬಣ್ಣಿಸಲ್ಪಡುವ ಈ ಪುಸ್ತಕ ಎರಡು ಶತಮಾನಗಳಿಗೂ ಹೆಚ್ಚು ಕಾಲ ಮರುಮುದ್ರಣವನ್ನೇ ಕಾಣಲಿಲ್ಲ. ಅಮೆರಿಕಕ್ಕೆ ಹಡಗು ಹತ್ತಿದ್ದು ಅವನ ಇನ್ನೊಂದು ಪುಸ್ತಕ, 1481ರ ಲ್ಯಾಟಿನ್ ವ್ಯಾಕರಣ. ಅದನ್ನು ಕೊಂಡೊಯ್ದ ಪಾದ್ರಿಗಳು ಅದರಿಂದ ಇಂಡಿಯನರಿಗೆ ಸ್ಪ್ಯಾನಿಷ್ ಕಲಿಸಲಿಲ್ಲ. ಅದರ ಅಚ್ಚಿನಲ್ಲಿ ಇಂಡಿಯನರ ನುಡಿಗಳನ್ನು ತಾವು ಕಲಿತರು. ವಿಭಕ್ತಿ, ಲಿಂಗ, ಕಾಲಗಳ ಲ್ಯಾಟಿನ್ ಚೌಕಟ್ಟಿನಲ್ಲಿ ಕೂರದ ನುಡಿಗಳನ್ನು ಅದರಲ್ಲಿಯೇ ಕೂರಿಸಲು ಹೆಣಗಿದರು. ಸಂಸ್ಕೃತದ ಚೌಕಟ್ಟಿನಲ್ಲಿ ಕನ್ನಡವನ್ನು ವಿವರಿಸಿದ ವ್ಯಾಕರಣಗಳ ಪರಂಪರೆಯನ್ನು ಬಲ್ಲವರಿಗೆ ಈ ಹೆಣಗಾಟ ಅಪರಿಚಿತವಲ್ಲ.

ಈ ಹೆಣಗಾಟದ ಫಲ ಮಾತ್ರ ಅಸಾಧಾರಣವಾದುದು. ಮೆಕ್ಸಿಕೊದ ಪುರೆಪೆಚಾ ನುಡಿಗೆ ಮಾತುರಿನೊ ಹಿಲ್ಬೆರ್ತಿ ಬರೆದ ವ್ಯಾಕರಣ 1558ರಲ್ಲಿ ಅಚ್ಚಾಯಿತು. ಪೆರುವಿನ ಕೆಚುವಾ ನುಡಿಯ ವ್ಯಾಕರಣ ಮತ್ತು ನಿಘಂಟನ್ನು ದೊಮಿಂಗೊ ದ ಸಾಂತೊ ತೊಮಾಸ್ 1560ರಲ್ಲಿ ಪ್ರಕಟಿಸಿದ. ಅಸ್ತೆಕರ ನಾವಾಟ್ಲ್ ಭಾಷೆಗೆ ಅಲೊನ್ಸೊ ದ ಮೊಲಿನಾ 1555ರಲ್ಲಿ ನಿಘಂಟನ್ನು, 1571ರಲ್ಲಿ ಅದರ ವಿಸ್ತೃತ ರೂಪವನ್ನೂ ವ್ಯಾಕರಣವನ್ನೂ ಹೊರತಂದ. ಇಂಗ್ಲಿಶ್ ಭಾಷೆಯ ಮೊದಲ ಮುದ್ರಿತ ವ್ಯಾಕರಣವೆನಿಸಿದ ವಿಲಿಯಂ ಬುಲೊಕರನ ಪುಸ್ತಕ ಬಂದದ್ದು 1586ರಲ್ಲಿ ಎಂಬುದನ್ನು ನೆನೆದರೆ ಈ ತೇದಿಗಳ ಮಹತ್ವ ತಿಳಿಯುತ್ತದೆ. ದಕ್ಷಿಣ ಅಮೆರಿಕದಲ್ಲಿ ಮುದ್ರಣ ಆರಂಭವಾದ ಬಗೆಯೂ ಗಮನಾರ್ಹ. 1582–83ರಲ್ಲಿ ನಡೆದ ಲಿಮಾದ ಮೂರನೆಯ ಧರ್ಮಸಭೆಯ ನಿರ್ಣಯದಂತೆ 1584ರಲ್ಲಿ ಅಲ್ಲಿ ಅಚ್ಚಾದ ಧರ್ಮಪ್ರಶ್ನೋತ್ತರದ ಪುಸ್ತಕ ಸ್ಪ್ಯಾನಿಷ್, ಕೆಚುವಾ ಮತ್ತು ಆಯ್ಮಾರಾ ಎಂಬ ಮೂರು ನುಡಿಗಳಲ್ಲಿತ್ತು. ಲಿಮಾದ ಸಾನ್ ಮಾರ್ಕೊಸ್ ವಿಶ್ವವಿದ್ಯಾಲಯದಲ್ಲಿ 16ನೆಯ ಶತಮಾನ ಮುಗಿಯುವ ಮೊದಲೇ ಕೆಚುವಾ ಪೀಠವಿತ್ತು.

ಅರಮನೆಯ ನಿಲುವು ಒಂದೇ ಸಮನಾಗಿರಲಿಲ್ಲ. 1550ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್ ಇಂಡಿಯನರಿಗೆ ಸ್ಪ್ಯಾನಿಷ್ ಕಲಿಸಬೇಕೆಂದು ಆಜ್ಞಾಪಿಸಿದ್ದುಂಟು. ಆದರೆ 1596ರಲ್ಲಿ ಇಂಡಿಯನರು ಸ್ಪ್ಯಾನಿಷನ್ನು ಕಡ್ಡಾಯವಾಗಿ ಬಳಸುವಂತೆ ಮಾಡಬೇಕೆಂಬ ಸಲಹೆ ಬಂದಾಗ ಅವನ ಮಗ ಎರಡನೆಯ ಫಿಲಿಪ್ ಅದನ್ನು ಒಪ್ಪಲಿಲ್ಲ. ಹುಟ್ಟುನುಡಿಯನ್ನು ಬಲವಂತದಿಂದ ಬಿಡಿಸುವುದು ತಕ್ಕುದಲ್ಲ, ಇಷ್ಟಪಟ್ಟವರಿಗೆ ಕಲಿಸಲು ಶಿಕ್ಷಕರನ್ನು ಒದಗಿಸಿದರೆ ಸಾಕು ಎಂಬುದು ಅವನ ತೀರ್ಮಾನದ ಸಾರಾಂಶ. ಪಾದ್ರಿಗಳು ಆಯಾ ಜನರ ನುಡಿಯನ್ನು ಕಲಿಯದೆ ಹುದ್ದೆ ಪಡೆಯಬಾರದೆಂಬ ನಿಯಮವೂ ಅವನ ಕಾಲದ್ದೇ.

ಇದನ್ನು ಭಾಷಾಪ್ರೇಮವೆಂದು ತಿಳಿದರೆ ಚರಿತ್ರೆಗೆ ಅಪಚಾರವಾಗುತ್ತದೆ. ನಾಲಗೆಯನ್ನು ಉಳಿಸಿಕೊಂಡು ಅದರ ಮೇಲಿದ್ದ ದೈವವನ್ನು ಬದಲಿಸುವುದು ಪಾದ್ರಿಗಳ ಗುರಿಯಾಗಿತ್ತು. ಕೆಚುವಾದ ‘ಸುಪಾಯ್’ ಎಂಬ ಪದ ಇದಕ್ಕೆ ತಕ್ಕ ನಿದರ್ಶನ. 1560ರ ನಿಘಂಟಿನಲ್ಲಿ ಆ ಪದಕ್ಕೆ ಒಳ್ಳೆಯ ಚೇತನ, ಕೆಟ್ಟ ಚೇತನ ಎರಡೂ ಅರ್ಥಗಳು ದೊರೆಯುತ್ತವೆ. ಕೆಲವೇ ದಶಕಗಳಲ್ಲಿ ಮೊದಲನೆಯದು ಮರೆಯಾಗಿ ‘ಸುಪಾಯ್’ ಕೇವಲ ಸೈತಾನನಾದ. ಪದ ಉಳಿಯಿತು, ಅದರೊಳಗಿನ ಲೋಕ ಹೋಯಿತು. 1562ರಲ್ಲಿ ಯುಕತಾನಿನ ಮಾನಿ ಎಂಬಲ್ಲಿ ದಿಯೆಗೊ ದ ಲಾಂದಾ ಮಾಯಾ ಜನರ ಹೊತ್ತಗೆಗಳನ್ನು ರಾಶಿಹಾಕಿ ಸುಡಿಸಿದ. ಅದೇ ಲಾಂದಾ ಮಾಯಾ ಬದುಕನ್ನು ಕುರಿತು ಬರೆದಿಟ್ಟ ಟಿಪ್ಪಣಿಗಳು ಇಪ್ಪತ್ತನೆಯ ಶತಮಾನದಲ್ಲಿ ಮಾಯಾ ಲಿಪಿಯನ್ನು ಓದಲು ನೆರವಾದದ್ದು ಚರಿತ್ರೆಯ ವ್ಯಂಗ್ಯ. ಇನ್ನೊಬ್ಬ ಪಾದ್ರಿ ಬೆರ್ನಾರ್ದಿನೊ ದ ಸಹಗುನ್ ನಾವಾಟ್ಲ್ ಹಿರಿಯರನ್ನು ಕೇಳಿ, ತ್ಲಾತೆಲೊಲ್ಕೊ ಕಾಲೇಜಿನಲ್ಲಿ ಕಲಿತ ನಾವಾ ತರುಣರ ನೆರವಿನಿಂದ ಹನ್ನೆರಡು ಸಂಪುಟಗಳ ಲೋಕಕೋಶವನ್ನು ಅವರದೇ ನುಡಿಯಲ್ಲಿ ಬರೆಯಿಸಿದ. 1577ರಲ್ಲಿ ಫಿಲಿಪ್ ಅದರ ಪ್ರತಿಗಳನ್ನೆಲ್ಲ ವಶಪಡಿಸಿಕೊಳ್ಳಲು ಆಜ್ಞೆ ಕಳಿಸಿದ. ನುಡಿಯನ್ನು ಬಲವಂತದಿಂದ ಬಿಡಿಸಲು ಒಪ್ಪದ ದೊರೆಯೂ ಇವನೇ ಎಂಬುದನ್ನು ಮರೆಯಬಾರದು. ಇಂಡಿಯನರು ತಮ್ಮ ಭಾಷೆಯಲ್ಲಿ ಪ್ರಾರ್ಥಿಸಬಹುದಿತ್ತು, ತಮ್ಮ ಹಳೆಯ ಲೋಕವನ್ನು ನೆನೆಯುವಂತಿರಲಿಲ್ಲ. ಕಿಟೆಲ್ಲರ 1894ರ ನಿಘಂಟನ್ನು ನಿತ್ಯವೂ ಬಳಸುವ ಕನ್ನಡದ ಅಧ್ಯಯನಕಾರರು ಮಿಶನರಿ ವಿದ್ವತ್ತಿನ ಈ ಇಬ್ಬಂದಿಯನ್ನು ಬೇರೊಂದು ಪ್ರಮಾಣದಲ್ಲಿ ಎದುರಿಸಿದ್ದಾರೆ.

ಇದರ ಜೊತೆಗೆ ಇನ್ನೊಂದು ಸಂಗತಿಯಿದೆ. ಪಾದ್ರಿಗಳು ನೂರಾರು ನುಡಿಗಳನ್ನು ಕಲಿಯಲಾರದೆ ‘ಸಾಮಾನ್ಯ ಭಾಷೆ’ಗಳನ್ನು ಆರಿಸಿಕೊಂಡರು. ಮೆಕ್ಸಿಕೊದಲ್ಲಿ ನಾವಾಟ್ಲ್, ಆಂಡಿಸ್ ಸೀಮೆಯಲ್ಲಿ ಕೆಚುವಾ ಈ ಕಾರಣದಿಂದ ತಮ್ಮ ಹಳೆಯ ಎಲ್ಲೆಗಳನ್ನು ದಾಟಿ ಹಬ್ಬಿದವು. ತಿತಿಕಾಕಾ ಸರೋವರದ ಸುತ್ತಣ ಪುಕಿನಾದಂತಹ ನುಡಿಗಳು ಮುಂದೆ ಅಳಿದದ್ದು ನೇರವಾಗಿ ಸ್ಪ್ಯಾನಿಷಿನಿಂದಲ್ಲ, ಕೆಚುವಾ ಮತ್ತು ಆಯ್ಮಾರಾಗಳ ಒತ್ತಡದಿಂದ. ಕೆರಿಬಿಯನ್ ದ್ವೀಪಗಳ ಕತೆ ಇನ್ನೂ ಬೇರೆ. ಅಲ್ಲಿ ರೋಗ, ದುಡಿತ ಮತ್ತು ಹಿಂಸೆಗಳಿಂದ ಟಾಯ್ನೊ ಜನರೇ ಕೆಲವು ದಶಕಗಳಲ್ಲಿ ನೆಲಕಚ್ಚಿದರು. ಆಡುವವರೊಂದಿಗೆ ನುಡಿಯೂ ಹೋಯಿತು. ಅಲ್ಲಿ ಭಾಷಾನೀತಿಯ ಮಾತೇ ಅಸಂಗತ. ಆ ಜನರ ಕೆಲವು ಪದಗಳು ಮಾತ್ರ ಲೋಕ ಸುತ್ತಿದವು. ಕರಾವಳಿಯ ಮನೆಗಳಲ್ಲಿ ಆಲೂಗಡ್ಡೆಗೆ ಹೇಳುವ ‘ಬಟಾಟೆ’ ಪೋರ್ಚುಗೀಸರ ಮೂಲಕ ಬಂದ ಟಾಯ್ನೊ ಪದ. ‘ಟೊಮೆಟೊ’ ನಾವಾಟ್ಲ್ ಮೂಲದ್ದು.

ವಸಾಹತು ಆಡಳಿತದ ಸ್ವರೂಪದಲ್ಲಿಯೇ ದೇಶಿ ನುಡಿಗಳಿಗೆ ಎಡೆಯಿತ್ತು. ಕಾನೂನಿನ ದೃಷ್ಟಿಯಲ್ಲಿ ಸಮಾಜ ಎರಡು ‘ಗಣರಾಜ್ಯ’ಗಳಾಗಿ ಒಡೆದಿತ್ತು: ಒಂದು ಸ್ಪೇನಿಗರದು, ಇನ್ನೊಂದು ಇಂಡಿಯನರದು. ಎರಡನೆಯದು ಕೀಳು, ತೆರಿಗೆ ಮತ್ತು ಬಿಟ್ಟಿದುಡಿಮೆಯ ಭಾರ ಅದರ ಮೇಲಿತ್ತು. ಆದರೆ ಅದಕ್ಕೆ ತನ್ನದೇ ಊರಸಭೆ, ಸಾಮುದಾಯಿಕ ಭೂಮಿ ಮತ್ತು ದಾಖಲೆಗಳಿದ್ದವು. ನ್ಯಾಯಾಲಯಗಳಲ್ಲಿ ದುಭಾಷಿಗಳಿದ್ದರು. ನಾವಾ ಊರುಗಳ ಉಯಿಲುಗಳು, ಜಮೀನಿನ ಪತ್ರಗಳು, ಅಹವಾಲುಗಳು 18ನೆಯ ಶತಮಾನದ ಕೊನೆಯ ಭಾಗದವರೆಗೂ ನಾವಾಟ್ಲ್ ಭಾಷೆಯಲ್ಲಿ ರೋಮನ್ ಲಿಪಿಯಲ್ಲಿ ಬರೆಯಲ್ಪಟ್ಟವು. ಜೇಮ್ಸ್ ಲಾಕ್‌ಹಾರ್ಟ್ ಈ ಕಾಗದಪತ್ರಗಳನ್ನೇ ಆಧರಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನ, ಗೆದ್ದವರ ವರದಿಗಳ ಮೂಲಕವೇ ಮೆಕ್ಸಿಕೊವನ್ನು ಕಾಣುತ್ತಿದ್ದ ರೂಢಿಯನ್ನು ಬದಲಿಸಿತು. ಪೆರುವಿನಲ್ಲಿ ಸುಮಾರು 1615ರ ಹೊತ್ತಿಗೆ ಗುವಾಮನ್ ಪೋಮಾ ಎಂಬ ದೇಶಿ ಲೇಖಕ ಸ್ಪೇನಿನ ದೊರೆಗೆ ಬರೆದ ಅಹವಾಲು ಸಾವಿರಕ್ಕೂ ಹೆಚ್ಚು ಪುಟಗಳದು, ಜೊತೆಗೆ ನಾಲ್ಕುನೂರರಷ್ಟು ಚಿತ್ರಗಳು. ಕೆಚುವಾ ಬೆರೆತ, ವ್ಯಾಕರಣ ತಪ್ಪಿದ, ಸಿಟ್ಟಿನಿಂದ ಕುದಿಯುವ ಸ್ಪ್ಯಾನಿಷ್ ಅದು. ದೊರೆ ಅದನ್ನು ಓದಿದ್ದಕ್ಕೆ ಆಧಾರವಿಲ್ಲ. ಮೂರು ಶತಮಾನಗಳ ನಂತರ, 1908ರಲ್ಲಿ, ಕೋಪನ್‌ಹೇಗನ್ನಿನ ರಾಜಗ್ರಂಥಾಲಯದಲ್ಲಿ ಅದು ವಿದ್ವಾಂಸರ ಕಣ್ಣಿಗೆ ಬಿದ್ದಿತು.

ಈ ವ್ಯವಸ್ಥೆ ಮುರಿದದ್ದು 18ನೆಯ ಶತಮಾನದ ಉತ್ತರಾರ್ಧದಲ್ಲಿ. ಬೂರ್ಬೋನ್ ಮನೆತನದ ಅರಸರಿಗೆ ಕೇಂದ್ರೀಕೃತ, ಏಕರೂಪದ ಆಡಳಿತ ಬೇಕಿತ್ತು. ದೇಶಿ ನುಡಿಗಳಲ್ಲಿ ಬಹಳ ಕೆಲಸ ಮಾಡಿದ್ದ ಜೆಸ್ವಿಟರನ್ನು 1767ರಲ್ಲಿ ಹೊರಹಾಕಲಾಯಿತು. 1770ರಲ್ಲಿ ಮೂರನೆಯ ಕಾರ್ಲೊಸ್ ಹೊರಡಿಸಿದ ಆಜ್ಞೆ ಮೊದಲ ಬಾರಿಗೆ ದೇಶಿ ನುಡಿಗಳು ನಿರ್ನಾಮವಾಗಬೇಕು, ಸ್ಪ್ಯಾನಿಷ್ ಒಂದೇ ಉಳಿಯಬೇಕು ಎಂಬ ಗುರಿಯನ್ನು ಬಾಯಿಬಿಟ್ಟು ಹೇಳಿತು. (ಪೋರ್ಚುಗೀಸರ ಗೋವೆಯಲ್ಲಿ ಇಂಥ ತಿರುವು ಮೊದಲೇ ಬಂದಿತ್ತು. ಸ್ಪೇನಿನ ಅರಸರು ಪೋರ್ಚುಗಲ್ಲನ್ನೂ ಆಳುತ್ತಿದ್ದ ಅವಧಿ ಮುಗಿದ 1640ರಲ್ಲಿಯೇ ಥಾಮಸ್ ಸ್ಟೀಫನ್ಸನ ಕೊಂಕಣಿ ವ್ಯಾಕರಣ ರಾಯ್ತೂರಿನಲ್ಲಿ ಅಚ್ಚಾಯಿತು. ಪೋರ್ಚುಗೀಸರು ಆ ನುಡಿಯನ್ನು ‘ಕನಾರಿಂ’ ಎಂದು ಕರೆಯುತ್ತಿದ್ದರು. 1684ರಲ್ಲಿ ಅದೇ ನುಡಿಯ ವಿರುದ್ಧ ಆಜ್ಞೆ ಹೊರಟಿತು.) 1780ರಲ್ಲಿ ಪೆರುವಿನಲ್ಲಿ ಎರಡನೆಯ ತುಪಾಕ್ ಅಮಾರು ಎದ್ದ. ಮರುವರ್ಷ ಮೇ ತಿಂಗಳಲ್ಲಿ ಕುಸ್ಕೊದ ಚೌಕದಲ್ಲಿ ಅವನನ್ನು ಕೊಂದರು. ದಂಡನೆಯ ಆದೇಶ ಅವನೊಬ್ಬನಿಗೆ ನಿಲ್ಲದೆ ಇಂಕಾ ಉಡುಪು, ಇಂಕಾ ನಾಟಕ ಮತ್ತು ಕೆಚುವಾ ನುಡಿಯವರೆಗೂ ಚಾಚಿತು. ಸಾನ್ ಮಾರ್ಕೊಸಿನ ಕೆಚುವಾ ಪೀಠವನ್ನು ಮುಚ್ಚಿದ್ದು ಇದರ ಬೆನ್ನಿಗೇ. ಆದರೆ ಈ ಆಜ್ಞೆಗಳನ್ನು ಹಳ್ಳಿಹಳ್ಳಿಗೆ ಮುಟ್ಟಿಸುವ ಶಾಲೆಗಳೂ ನೌಕರರೂ ಸಾಮ್ರಾಜ್ಯದ ಬಳಿ ಇರಲಿಲ್ಲ, ಉಳಿದ ಕಾಲವೂ ಅಲ್ಪವಾಗಿತ್ತು. ಸ್ವಾತಂತ್ರ್ಯದ ಹೊತ್ತಿಗೆ ಸ್ಪ್ಯಾನಿಷ್ ಅಮೆರಿಕದ ಮೂವರಲ್ಲಿ ಒಬ್ಬರಷ್ಟೇ ಸ್ಪ್ಯಾನಿಷ್ ಆಡುತ್ತಿದ್ದರೆಂಬ ಅಂದಾಜು ಭಾಷಾಚರಿತ್ರೆಯ ಬರಹಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಅಂಕಿಯ ನಿಖರತೆಯ ಬಗ್ಗೆ ತಕರಾರು ಇರಬಹುದು. ಬಹುಸಂಖ್ಯಾತರ ನುಡಿ ಸ್ಪ್ಯಾನಿಷ್ ಆಗಿರಲಿಲ್ಲ ಎಂಬುದರಲ್ಲಿ ತಕರಾರಿಲ್ಲ.

ಸ್ವಾತಂತ್ರ್ಯ ಹೋರಾಟದ ನಾಯಕರು ಕ್ರಿಯೋಲರು, ಎಂದರೆ ಅಮೆರಿಕದಲ್ಲಿ ಹುಟ್ಟಿದ ಸ್ಪೇನ್ ಮೂಲದವರು. ಇಂಡಿಯನರ ಬೆಂಬಲ ಬೇಕಾದಾಗ ಅವರಿಗೆ ದೇಶಿ ನುಡಿಗಳ ನೆನಪಾಗುತ್ತಿತ್ತು. ಇಂದಿನ ಅರ್ಜೆಂಟೀನಾದ ನೆಲದಲ್ಲಿ 1816ರಲ್ಲಿ ಹೊರಟ ಸ್ವಾತಂತ್ರ್ಯ ಘೋಷಣೆಯನ್ನು ಕೆಚುವಾ ಮತ್ತು ಆಯ್ಮಾರಾಗಳಿಗೂ ಅನುವಾದಿಸಿ ಅಚ್ಚುಹಾಕಿಸಿದ್ದರು. 1821ರ ಆಗಸ್ಟಿನಲ್ಲಿ ಸಾನ್ ಮಾರ್ತಿನ್ ಪೆರುವಿನ ಮೂಲನಿವಾಸಿಗಳನ್ನು ಇನ್ನು ಮುಂದೆ ಇಂಡಿಯನರೆಂದು ಕರೆಯದೆ ಪೆರುವಿಗರೆಂದೇ ಕರೆಯಬೇಕೆಂದು ಆಜ್ಞೆ ಮಾಡಿದ. ಉದಾತ್ತವೆನಿಸುವ ಈ ಆಜ್ಞೆಯಲ್ಲಿಯೇ ಮುಂದಿನ ಅನಾಹುತದ ಬೀಜವಿದೆ. ‘ಇಂಡಿಯನ’ ಎಂಬ ಕೀಳು ಸ್ಥಾನ ಅಳಿದಾಗ ಅದಕ್ಕೆ ಅಂಟಿಕೊಂಡಿದ್ದ ಊರಸಭೆ, ಸಾಮುದಾಯಿಕ ಭೂಮಿ, ದುಭಾಷಿಯ ಹಕ್ಕು ಎಲ್ಲವೂ ಅಳಿದವು. 1824ರಲ್ಲಿ ಬೊಲಿವಾರ್ ಪೆರುವಿನ ಸಾಮುದಾಯಿಕ ಭೂಮಿಯನ್ನು ವ್ಯಕ್ತಿಗಳಿಗೆ ಹಂಚುವ ಆಜ್ಞೆ ಹೊರಡಿಸಿದ. ಮೆಕ್ಸಿಕೊದಲ್ಲಿ 1856ರ ಲೆರ್ದೊ ಕಾನೂನು ಅದೇ ಹಾದಿ ಹಿಡಿಯಿತು. ಎಲ್ಲರೂ ಸಮಾನ ನಾಗರಿಕರು, ನಾಗರಿಕನ ನುಡಿ ಒಂದೇ ಎಂಬ ಫ್ರೆಂಚ್ ಮಾದರಿಯ ಆದರ್ಶ ನೆಲೆಯೂರಿದ ಮೇಲೆ, ಪ್ರಜೆಯಾಗಿದ್ದಾಗ ಕೆಚುವಾ ಆಡಬಹುದಾಗಿದ್ದವನು ನಾಗರಿಕನಾದ ಕೂಡಲೇ ಮೂಕನಾದ.

ಈ ಮೂಕತನ ಅಲಂಕಾರದ ಮಾತಲ್ಲ. ಪೆರುವಿನಲ್ಲಿ 19ನೆಯ ಶತಮಾನದ ಕೊನೆಯ ದಶಕದಿಂದ ಅಕ್ಷರಸ್ಥರಿಗೆ ಮಾತ್ರ ಮತದ ಹಕ್ಕಿತ್ತು. ಅಕ್ಷರವೆಂದರೆ ಸ್ಪ್ಯಾನಿಷ್ ಅಕ್ಷರ. 1979ರ ಸಂವಿಧಾನ ಈ ಷರತ್ತನ್ನು ತೆಗೆದು, 1980ರ ಚುನಾವಣೆಯಲ್ಲಿ ಅನಕ್ಷರಸ್ಥರು ಮತ ಹಾಕುವವರೆಗೆ ಆಂಡಿಸಿನ ಲಕ್ಷಾಂತರ ರೈತರು ತಮ್ಮದೇ ಗಣರಾಜ್ಯದಲ್ಲಿ ಲೆಕ್ಕಕ್ಕಿರಲಿಲ್ಲ. ಮೆಕ್ಸಿಕೊದ ಕ್ರಾಂತಿ ಇಂಡಿಯನ ರೈತನ ಹೆಸರಿನಲ್ಲಿ ನಡೆಯಿತು. 1921ರಲ್ಲಿ ಹೊಸೆ ವಾಸ್ಕೊನ್ಸೆಲೊಸನ ನೇತೃತ್ವದಲ್ಲಿ ಸ್ಥಾಪನೆಯಾದ ಶಿಕ್ಷಣ ಇಲಾಖೆ ಗ್ರಾಮಗ್ರಾಮಗಳಿಗೆ ಶಾಲೆ ಒಯ್ದಿತು. ಗೋಡೆಗಳ ಮೇಲೆ ಅಸ್ತೆಕರ ವೈಭವದ ಚಿತ್ರಗಳು, ತರಗತಿಯಲ್ಲಿ ಸ್ಪ್ಯಾನಿಷ್ ಮಾತ್ರ. ತಾಯ್ನುಡಿಯಾಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿದ್ದ ನೆನಪುಗಳು ಆ ನಾಡಿನ ಮೂಲನಿವಾಸಿ ಸಮುದಾಯಗಳಲ್ಲಿ ಇಂದಿಗೂ ಜೀವಂತ. ಎಲ್ ಸಾಲ್ವಡೋರಿನಲ್ಲಿ 1932ರ ರೈತದಂಗೆಯ ನಂತರ ಸೈನ್ಯ ಸಾವಿರಾರು ಜನರನ್ನು ಕೊಂದಿತು. ಇಂಡಿಯನನಂತೆ ಕಾಣುವುದೇ ಅಪರಾಧವಾದಾಗ ಉಳಿದವರು ನಾವಾತ್ ನುಡಿಯನ್ನು ಮಕ್ಕಳಿಗೆ ದಾಟಿಸುವುದನ್ನೇ ಬಿಟ್ಟರು. ಸ್ಪೇನಿನ ಮೂರು ಶತಮಾನಗಳ ಆಳ್ವಿಕೆಯನ್ನು ಉಳಿದು ಬಂದ ನುಡಿಯೊಂದನ್ನು ಗಣರಾಜ್ಯದ ಕೆಲವು ವಾರಗಳು ಮನೆಯೊಳಗೂ ಪಿಸುಮಾತಾಗಿಸಿದವು.

ಈ ಬೆಳವಣಿಗೆಯ ಬೌದ್ಧಿಕ ಮುಖ ಆಂದ್ರೆಸ್ ಬೆಯ್ಯೊ. 1781ರಲ್ಲಿ ಕರಾಕಾಸಿನಲ್ಲಿ ಹುಟ್ಟಿ, ಚಿಲಿ ವಿಶ್ವವಿದ್ಯಾಲಯದ ಮೊದಲ ಮುಖ್ಯಸ್ಥನಾದ ಈತ 1847ರಲ್ಲಿ ಪ್ರಕಟಿಸಿದ ವ್ಯಾಕರಣ ಸ್ಪ್ಯಾನಿಷ್ ಲೋಕದ ಶ್ರೇಷ್ಠ ವ್ಯಾಕರಣಗಳಲ್ಲೊಂದು. ಲ್ಯಾಟಿನ್ ಒಡೆದು ಹಲವು ನುಡಿಗಳಾದಂತೆ ಸ್ಪ್ಯಾನಿಷೂ ಹೊಸ ದೇಶಗಳಲ್ಲಿ ಚೂರಾದೀತೆಂಬ ಆತಂಕ ಅವನನ್ನು ಕಾಡುತ್ತಿತ್ತು. ಲ್ಯಾಟಿನ್ ಚೌಕಟ್ಟನ್ನು ತೊರೆದು ಸ್ಪ್ಯಾನಿಷನ್ನು ಅದರದೇ ನಡೆಯಿಂದ ವಿವರಿಸಬೇಕೆಂದ ಧೈರ್ಯವಂತ ಅವನು. ಅಮೆರಿಕದ ಬಳಕೆಗಳಿಗೂ ಮ್ಯಾಡ್ರಿಡ್ಡಿನ ಬಳಕೆಗಳಷ್ಟೇ ಹಕ್ಕಿದೆ ಎಂದ ಸ್ವಾಭಿಮಾನಿ. ಗ್ರಂಥದ ಶೀರ್ಷಿಕೆಯಲ್ಲಿಯೇ ಅದು ಅಮೆರಿಕದವರ ಬಳಕೆಗಾಗಿ ಬರೆದದ್ದೆಂದು ಸೂಚಿಸಿದ್ದಾನೆ. ಆ ‘ಅಮೆರಿಕದವರ’ಲ್ಲಿ ಚಿಲಿಯ ದಕ್ಷಿಣದಲ್ಲಿದ್ದ ಮಾಪುಚೆ ಜನರಿಗೆ ಎಡೆಯಿರಲಿಲ್ಲ. ವಸಾಹತು ಕೇಂದ್ರದ ಯಜಮಾನಿಕೆಯನ್ನು ಪ್ರತಿಭಟಿಸುತ್ತಲೇ ತನ್ನ ನೆಲದ ನುಡಿಗಳಿಗೆ ಕುರುಡಾಗುವ ಈ ನಿಲುವು ಕ್ರಿಯೋಲ್ ಚಿಂತನೆಯ ಮೂಲಲಕ್ಷಣ. ಇಂದು ಸ್ಪ್ಯಾನಿಷ್ ಅಕಾಡೆಮಿಗಳ ಒಕ್ಕೂಟವಾಗಲಿ, 1991ರಲ್ಲಿ ಸ್ಥಾಪನೆಯಾದ ಸೆರ್ವಾಂತೆಸ್ ಸಂಸ್ಥೆಯಾಗಲಿ ಸಂಭ್ರಮಿಸುವ ಸಂಖ್ಯಾಬಲ ಈ ಚಿಂತನೆ ಮತ್ತು ಅದರ ಶಾಲೆಗಳ ಗಳಿಕೆ. ಸ್ಪೇನಿನ ಸ್ವಂತ ಜನಸಂಖ್ಯೆ ಐದು ಕೋಟಿಯನ್ನೂ ಮುಟ್ಟುವುದಿಲ್ಲ.

ಪರಾಗ್ವೆ ಇದಕ್ಕೆ ಅಪವಾದವೆಂದು ಹೇಳುವುದುಂಟು. ಚಿನ್ನ ಬೆಳ್ಳಿಗಳಿಲ್ಲದ ಆ ಸೀಮೆಗೆ ಸ್ಪೇನಿನಿಂದ ಬಂದವರು ಕಡಿಮೆ. ಅವರ ಮಕ್ಕಳು ಗ್ವಾರಾನಿ ತಾಯಂದಿರ ಮಡಿಲಲ್ಲಿ ಬೆಳೆದರು. ಆದ್ದರಿಂದ ಗ್ವಾರಾನಿ ಮಿಶ್ರ ಸಂತತಿಯವರ ಮನೆಮಾತಾಯಿತು. 1864–70ರ ಯುದ್ಧದಲ್ಲಿ ಸೈನಿಕರಿಗಾಗಿ ಗ್ವಾರಾನಿಯಲ್ಲಿ ಪತ್ರಿಕೆಗಳು ಹೊರಟವು. 1932–35ರ ಚಾಕೊ ಯುದ್ಧದಲ್ಲಿ ಅದು ಶತ್ರುವಿಗೆ ತಿಳಿಯದ ಸೇನಾಭಾಷೆಯಾಯಿತು. ಯುದ್ಧ ಮುಗಿದಾಗಲೆಲ್ಲ ಶಾಲೆ ಅದನ್ನು ಹೊರಗಿಟ್ಟಿತು. 1992ರ ಸಂವಿಧಾನ ಅದಕ್ಕೆ ಸ್ಪ್ಯಾನಿಷಿಗೆ ಸಮಾನವಾದ ಅಧಿಕೃತ ಸ್ಥಾನ ನೀಡಿತು. ಗ್ವಾರಾನಿ ಬಲ್ಲವರಲ್ಲಿ ಬಹುಪಾಲು ಜನ ತಮ್ಮನ್ನು ಮೂಲನಿವಾಸಿಗಳೆಂದು ಭಾವಿಸುವುದಿಲ್ಲ ಎಂಬುದು ಬಹುಶಃ ಅದು ಉಳಿದ ಗುಟ್ಟು. ನುಡಿ ಉಳಿಯಲು ಇಂಡಿಯನತನದ ಕಳಂಕದಿಂದ ಅದು ಬಿಡಿಸಿಕೊಳ್ಳಬೇಕಾಯಿತು.

ನಿಜವಾದ ಪರೀಕ್ಷೆ ಫಿಲಿಪೀನ್ಸಿನದು. 1565ರಿಂದ 1898ರವರೆಗೆ, ಎಂದರೆ ಅಮೆರಿಕದ ಬಹುತೇಕ ನಾಡುಗಳಿಗಿಂತ ದೀರ್ಘಕಾಲ, ಸ್ಪೇನ್ ಆಳಿದ ದ್ವೀಪಗಳಿವು. ಆದರೂ ಸ್ಪ್ಯಾನಿಷ್ ಅಲ್ಲಿನ ಬಹುಜನರ ನುಡಿಯಾಗಲಿಲ್ಲ. ಅಲ್ಲಿಯೂ ಪಾದ್ರಿಗಳು ದೇಶಿ ನುಡಿಗಳನ್ನೇ ಹಿಡಿದರು. 1593ರಲ್ಲಿ ಮನಿಲಾದಲ್ಲಿ ಅಚ್ಚಾದ ಧರ್ಮಬೋಧೆಯ ಪುಸ್ತಕದಲ್ಲಿ ಸ್ಪ್ಯಾನಿಷಿನ ಜೊತೆಗೆ ತಗಲಾಗ್ ಇದೆ, ಅದೂ ದೇಶಿ ಬಾಯ್‌ಬಾಯಿನ್ ಲಿಪಿಯೂ ಸೇರಿದಂತೆ. 1610ರಲ್ಲಿ ಬತಾನಿನ ಅಚ್ಚುಕೂಟದಿಂದ ಎರಡು ಪುಸ್ತಕಗಳು ಹೊರಬಂದವು. ಒಂದು, ಪಾದ್ರಿಗಳಿಗೆ ತಗಲಾಗ್ ಕಲಿಸಲು ಬ್ಲಾಂಕಾಸ್ ದ ಸಾನ್ ಹೊಸೆ ಬರೆದ ವ್ಯಾಕರಣ. ಇನ್ನೊಂದು, ತಗಲಾಗರಿಗೆ ಸ್ಪ್ಯಾನಿಷ್ ಕಲಿಸಲು ತೊಮಾಸ್ ಪಿನ್‌ಪಿನ್ ಎಂಬ ತಗಲಾಗ್ ಮುದ್ರಕ ತನ್ನ ನುಡಿಯಲ್ಲಿಯೇ ಬರೆದದ್ದು. ಪಾದ್ರಿ ಪ್ರಜೆಯ ನುಡಿಯನ್ನೂ ಪ್ರಜೆ ದೊರೆಯ ನುಡಿಯನ್ನೂ ಕಲಿಯಹೊರಟ ಈ ಜೋಡಿ ಪುಸ್ತಕಗಳಲ್ಲಿ ಮೊದಲನೆಯದಕ್ಕೆ ಸಂಸ್ಥೆಯ ಬೆಂಬಲವಿತ್ತು. ಎರಡನೆಯದರ ಹಿಂದೆ ಇದ್ದದ್ದು ಕಲಿಯುವವರ ಆಸೆ. ಪಾದ್ರಿಗಳಿಗೆ ದುಭಾಷಿತನವೇ ಅಧಿಕಾರವಾಗಿತ್ತು. ಸರ್ಕಾರಕ್ಕೂ ಜನಕ್ಕೂ ನಡುವೆ ತಾವೊಬ್ಬರೇ ನಿಲ್ಲಬೇಕಾದರೆ ಜನ ಸ್ಪ್ಯಾನಿಷ್ ಕಲಿಯಬಾರದಿತ್ತು. ಹೇರಿಕೆಯಿಂದ ಮಾತ್ರವಲ್ಲ, ನಿರಾಕರಣೆಯಿಂದಲೂ ಭಾಷೆ ಅಧಿಕಾರದ ಸಾಧನವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ.

ಹೀಗಾಗಿ ಅಲ್ಲಿನ ರಾಷ್ಟ್ರೀಯವಾದಿಗಳಿಗೆ ಸ್ಪ್ಯಾನಿಷ್ ಬಿಡುಗಡೆಯ ನುಡಿಯಾಗಿ ಕಂಡಿತು. ಹೊಸೆ ರಿಸಾಲನ ಎರಡು ಕಾದಂಬರಿಗಳು, 1887ರ ‘ನೊಲಿ ಮೆ ತಾಂಗೆರೆ’ ಮತ್ತು 1891ರ ‘ಎಲ್ ಫಿಲಿಬುಸ್ತೆರಿಸ್ಮೊ’, ಸ್ಪ್ಯಾನಿಷಿನಲ್ಲಿವೆ. ಮೊದಲನೆಯದರಲ್ಲಿ ಹಳ್ಳಿಯ ಶಾಲಾ ಮಾಸ್ತರನೊಬ್ಬ ಮಕ್ಕಳಿಗೆ ಸ್ಪ್ಯಾನಿಷ್ ಕಲಿಸಹೋಗಿ ಪಾದ್ರಿಯಿಂದ ಅವಮಾನಿತನಾಗುತ್ತಾನೆ. ಎರಡನೆಯದರಲ್ಲಿ ವಿದ್ಯಾರ್ಥಿಗಳು ಸ್ಪ್ಯಾನಿಷ್ ಕಲಿಕೆಯ ಅಕಾಡೆಮಿಗಾಗಿ ಅರ್ಜಿ ಹಿಡಿದು ಅಲೆಯುತ್ತಾರೆ. ಅದೇ ಕಾದಂಬರಿಯ ಸಿಮೌನ್ ಎಂಬ ಪಾತ್ರ ಆ ವಿದ್ಯಾರ್ಥಿಗಳನ್ನು ತೀವ್ರವಾಗಿ ಹೀಯಾಳಿಸುತ್ತಾನೆ: ನಾಡಿನಲ್ಲಿ ಎಂದೂ ಬೇರೂರದ ಆ ನುಡಿಯನ್ನು ಬೇಡಿ ಪಡೆದರೆ ಸ್ವಂತ ವಿಚಾರವನ್ನೂ ಕಳೆದುಕೊಳ್ಳುತ್ತೀರಿ ಎಂಬುದು ಅವನ ಎಚ್ಚರಿಕೆಯ ಧಾಟಿ. ಈ ಎರಡು ದನಿಗಳಲ್ಲಿ ರಿಸಾಲನದು ಯಾವುದು ಎಂದು ವಿಮರ್ಶಕರು ಇಂದಿಗೂ ಜಗಳವಾಡುತ್ತಾರೆ; ಸಿಮೌನನ ಮಾತನ್ನೂ ಆತ ಸ್ಪ್ಯಾನಿಷಿನಲ್ಲಿಯೇ ಬರೆದ ಎಂಬುದನ್ನು ಆ ಜಗಳದಲ್ಲಿ ನೆನಪಿಡಬೇಕು. 1896ರ ಡಿಸೆಂಬರ್ 30ರಂದು ಅವನನ್ನು ಗುಂಡಿಕ್ಕಿ ಕೊಲ್ಲಲಾಯಿತು. ಎರಡು ವರ್ಷಗಳಲ್ಲಿ ದ್ವೀಪಗಳು ಅಮೆರಿಕ ಸಂಯುಕ್ತ ಸಂಸ್ಥಾನದ ವಶವಾದವು. ಹೊಸ ದೊರೆಗಳು ಶಾಲೆಗಳ ಜಾಲವನ್ನೇ ಹರಡಿ ಕೆಲವೇ ದಶಕಗಳಲ್ಲಿ ಇಂಗ್ಲಿಶನ್ನು ನೆಲೆಗೊಳಿಸಿದರು. 1987ರ ಸಂವಿಧಾನದಲ್ಲಿ ಸ್ಪ್ಯಾನಿಷ್ ಐಚ್ಛಿಕವಾಗಿ ಪೋಷಿಸಬೇಕಾದ ನುಡಿ ಮಾತ್ರ. ರಿಸಾಲನ ಕಾದಂಬರಿಗಳ ಓದು 1956ರ ಕಾಯಿದೆಯಿಂದ ವಿದ್ಯಾರ್ಥಿಗಳಿಗೆ ಕಡ್ಡಾಯವಾಗಿದೆ. ಬಹುತೇಕ ಎಲ್ಲರೂ ಅವನ್ನು ಓದುವುದು ಅನುವಾದದಲ್ಲಿ. ಸ್ಪ್ಯಾನಿಷ್ ಮಾತನಾಡುವ ಶಾಲಾವಂತ ರಾಷ್ಟ್ರಪ್ರಭುತ್ವವೊಂದು ಅಲ್ಲಿ ಹುಟ್ಟಲಿಲ್ಲ, ಆದ್ದರಿಂದ ಸ್ಪ್ಯಾನಿಷ್ ಹಬ್ಬಲಿಲ್ಲ. ಅಮೆರಿಕದ ಅನುಭವವನ್ನು ತಿರುವುಮುರುವಾಗಿ ಸಾಬೀತುಪಡಿಸುವ ಪ್ರಕರಣವಿದು.

ಈ ಚರಿತ್ರೆ ಕನ್ನಡದ ಸಾಹಿತ್ಯ ವಿಮರ್ಶೆಗೆ ಎಲ್ಲಿ ತಟ್ಟುತ್ತದೆ? ನೆರೂಡ, ಬೋರ್ಹೆಸ್, ಮಾರ್ಕ್ವೆಜ್ ಇಲ್ಲಿ ಪರಿಚಿತ ಹೆಸರುಗಳು. ‘ಲ್ಯಾಟಿನ್ ಅಮೆರಿಕದ ಸಾಹಿತ್ಯ’ ಎಂದರೆ ವಸಾಹತುಶಾಹಿಗೆ ಒಳಗಾದವರ ದನಿ, ಭಾರತದಂಥ ದೇಶಗಳ ಸೋದರ ಸಾಹಿತ್ಯ ಎಂಬ ಗ್ರಹಿಕೆ ಬೇರೂರಿದೆ. ಅದು ಅರ್ಧಸತ್ಯ. ಅಮೆರಿಕ ಸಂಯುಕ್ತ ಸಂಸ್ಥಾನದ ಯಜಮಾನಿಕೆಗೆ ಎದುರಾಗಿ ನಿಂತಾಗ ಈ ಲೇಖಕರು ದಮನಿತರ ಪರ. ಆಂಡಿಸಿನ ಕೆಚುವಾ ರೈತನೆದುರು ನಿಂತಾಗ ಅವರ ಕೈಯಲ್ಲಿರುವುದು ಆಳುವವರ ನುಡಿ. ನೆರೂಡನ ಮಾಚು ಪಿಚು ಕವಿತೆ ಕಲ್ಲು ಹೊತ್ತು ಸತ್ತವರನ್ನು ಎಬ್ಬಿಸಿ, ಅವರ ಪರವಾಗಿ ತಾನು ನುಡಿಯಲು ಮುಂದಾಗುತ್ತದೆ. ಕವಿತೆಯ ಶಕ್ತಿಯನ್ನು ಅಲ್ಲಗಳೆಯಲಾಗದು. ಆದರೆ ಆ ಸತ್ತವರ ವಂಶಜರು ಅದೇ ಬೆಟ್ಟದ ತಪ್ಪಲಲ್ಲಿ ಅವರದೇ ನುಡಿಯಲ್ಲಿ ಮಾತನಾಡುತ್ತಿದ್ದರು. ಅವರಿಗೆ ಬೇರೆಯವರ ಬಾಯಿ ಬೇಕಿರಲಿಲ್ಲ.

ಈ ಇಕ್ಕಟ್ಟನ್ನು ಒಳಗಿನಿಂದ ಅನುಭವಿಸಿದವನು ಪೆರುವಿನ ಹೊಸೆ ಮರಿಯಾ ಅರ್ಗೇದಾಸ್. ಮಲತಾಯಿಯ ಮನೆಯ ಆಳುಗಳ ನಡುವೆ ಕೆಚುವಾ ಆಡುತ್ತ ಬೆಳೆದ ಅವನು ಸ್ಪ್ಯಾನಿಷಿನ ವಾಕ್ಯರಚನೆಯನ್ನೇ ಬಾಗಿಸಿ ಬರೆದ. 1941ರ ‘ಯಾವರ್ ಫಿಯೆಸ್ತಾ’ದ ಹೆಸರಿನಲ್ಲಿಯೇ ಕೆಚುವಾದ ನೆತ್ತರೂ ಸ್ಪ್ಯಾನಿಷಿನ ಹಬ್ಬವೂ ಕೂಡಿವೆ. ಇಂಗ್ಲಿಶಿನಲ್ಲಿ ಕನ್ನಡದ ಲಯವನ್ನು ಹಿಡಿಯಲೆತ್ನಿಸಿದ ರಾಜಾರಾವ್ ಅವರ 1938ರ ‘ಕಾಂತಾಪುರ’ ಇಲ್ಲಿ ನೆನಪಾಗಬಹುದು. ಆದರೆ ಹೋಲಿಕೆಯನ್ನು ದೂರ ಎಳೆಯಲಾಗದು. ರಾಜಾರಾವ್ ಅವರ ಹಿಂದೆ ಸಾವಿರ ವರ್ಷಗಳ ಲಿಖಿತ ಪರಂಪರೆಯ, ಮುದ್ರಣ ಮತ್ತು ಶಾಲೆಗಳುಳ್ಳ ಕನ್ನಡವಿತ್ತು. ಅರ್ಗೇದಾಸನ ಹಿಂದೆ ಶಾಲೆಯಿಂದ ಹೊರದೂಡಲ್ಪಟ್ಟ ನುಡಿಯೊಂದಿತ್ತು. 1962ರಲ್ಲಿ ಅವನು ತುಪಾಕ್ ಅಮಾರುವನ್ನು ಕುರಿತ ಸ್ತುತಿಯನ್ನು ಕೆಚುವಾದಲ್ಲಿಯೇ ಬರೆದು ಸ್ಪ್ಯಾನಿಷ್ ಅನುವಾದದೊಂದಿಗೆ ಪ್ರಕಟಿಸಿದ. ಲ್ಯಾಟಿನ್ ಅಮೆರಿಕದ ಕಾದಂಬರಿ ಲೋಕವಿಖ್ಯಾತವಾದ ಆ ದಶಕ ಮುಗಿಯುವ ಮೊದಲೇ, 1969ರಲ್ಲಿ, ಆತ್ಮಹತ್ಯೆ ಮಾಡಿಕೊಂಡ. ಕನ್ನಡದ ಲ್ಯಾಟಿನ್ ಅಮೆರಿಕ ಓದಿನಲ್ಲಿ ಮೊದಲು ಬರಬೇಕಾಗಿದ್ದ ಹೆಸರು ಇವನದು.

ಕಾನೂನುಗಳು ಈಚೆಗೆ ಬದಲಾಗಿವೆ. 1975ರಲ್ಲಿ ಪೆರುವಿನ ಸೈನಿಕ ಸರ್ಕಾರ ಕೆಚುವಾವನ್ನು ಅಧಿಕೃತ ಭಾಷೆಯೆಂದು ಸಾರಿತು. ಮೆಕ್ಸಿಕೊದ 2003ರ ಕಾಯಿದೆ ಮೂಲನಿವಾಸಿ ನುಡಿಗಳನ್ನು ರಾಷ್ಟ್ರಭಾಷೆಗಳೆಂದು ಮನ್ನಿಸಿತು. ಅವುಗಳ 68 ಗುಂಪುಗಳನ್ನು ಮುಂದೆ ಪಟ್ಟಿಮಾಡಲಾಯಿತು. ಬೊಲಿವಿಯಾದ 2009ರ ಸಂವಿಧಾನ ಸ್ಪ್ಯಾನಿಷಿನ ಜೊತೆಗೆ 36 ನುಡಿಗಳಿಗೆ ಅಧಿಕೃತ ಸ್ಥಾನ ಕೊಟ್ಟಿತು. ಮನ್ನಣೆಯ ಹೊತ್ತಿಗೆ ಮನೆ ಖಾಲಿಯಾಗಿತ್ತು. ಮೆಕ್ಸಿಕೊದ 2020ರ ಜನಗಣತಿಯಲ್ಲಿ ಮೂಲನಿವಾಸಿ ನುಡಿಗಳನ್ನಾಡುವವರು ಸುಮಾರು 73 ಲಕ್ಷ, ಜನಸಂಖ್ಯೆಯ ಶೇಕಡ 6ರಷ್ಟು. 2019ರ ಫೆಬ್ರವರಿಯಲ್ಲಿ ಮೆಕ್ಸಿಕೊದ ಸಂಸತ್ತಿನ ಕೆಳಮನೆಯಲ್ಲಿ ಮಿಹೆ ನುಡಿಯ ಭಾಷಾತಜ್ಞೆ ಯಾಸ್ನಾಯಾ ಎಲೆನಾ ಅಗಿಲಾರ್ ತಮ್ಮ ನುಡಿಯಲ್ಲಿಯೇ ಮಾತನಾಡಿ, ಈ ಭಾಷೆಗಳು ತಾವಾಗಿ ಸಾಯುತ್ತಿಲ್ಲ, ಇನ್ನೂರು ವರ್ಷಗಳಿಂದ ಮೆಕ್ಸಿಕೊ ಪ್ರಭುತ್ವವೇ ಅವನ್ನು ಕೊಲ್ಲುತ್ತಿದೆ ಎಂದು ವಾದಿಸಿದರು. ಅವರು ಎಣಿಸಿದ್ದು ಐನೂರು ವರ್ಷಗಳನ್ನಲ್ಲ.

ಅದೇ ವರ್ಷದ ಅಕ್ಟೋಬರಿನಲ್ಲಿ ಲಿಮಾದ ಸಾನ್ ಮಾರ್ಕೊಸ್ ವಿಶ್ವವಿದ್ಯಾಲಯದಲ್ಲಿ ರೊಕ್ಸಾನಾ ಕಿಸ್ಪೆ ಕೊಯ್ಯಾಂತೆಸ್ ಎಂಬ ಸಂಶೋಧಕಿ ಕೆಚುವಾ ಕಾವ್ಯವನ್ನು ಕುರಿತ ತಮ್ಮ ಡಾಕ್ಟರೇಟ್ ಮಹಾಪ್ರಬಂಧವನ್ನು ಕೆಚುವಾದಲ್ಲಿ ಬರೆದು, ಪರೀಕ್ಷಕರೆದುರು ಕೆಚುವಾದಲ್ಲಿಯೇ ಸಮರ್ಥಿಸಿಕೊಂಡರು. 1551ರಲ್ಲಿ ಸ್ಥಾಪನೆಯಾದ, ಅದೇ ಶತಮಾನದಲ್ಲಿ ಕೆಚುವಾ ಪೀಠವನ್ನೂ ಹೊಂದಿದ್ದ ಆ ವಿಶ್ವವಿದ್ಯಾಲಯದಲ್ಲಿ ಇಂಥ ಪ್ರಬಂಧ ಅದೇ ಮೊದಲನೆಯದು. ಕೋಕಾ ಎಲೆ ಮತ್ತು ಜೋಳದ ಪಾನೀಯಗಳನ್ನಿಟ್ಟು ಆಂಡಿಸಿನ ರೂಢಿಯಂತೆ ವಂದನೆ ಸಲ್ಲಿಸಿದ ಮೇಲೆ ಅವರು ಮಾತು ಆರಂಭಿಸಿದರು.